ಆಮ್ಲದ ಚೀಲ ಒಡೆದು ಹೊರಬಂದ ಕಣ

ಮೈನಸ್ 70 ಡಿಗ್ರಿ. ಡ್ರೈ ಐಸ್ ಪೆಟ್ಟಿಗೆಯೊಳಗೆ ಗಾಜಿನ ಸೀಸೆ, ಸೀಸೆಯೊಳಗೆ ಹೆಪ್ಪುಗಟ್ಟಿದ ಅಸಂಖ್ಯ ಕೊಬ್ಬಿನ ಕಣಗಳು. 2020ರ ಡಿಸೆಂಬರ್ 8, ಇಂಗ್ಲೆಂಡಿನ ಕವೆಂಟ್ರಿ. ಮಂಜು ಕರಗಿತು, ಲವಣದ ನೀರು ಬೆರೆಯಿತು, ಸೂಜಿ ತೋಳಿನ ಸ್ನಾಯುವಿಗೆ ಇಳಿಯಿತು. ಫೈಜರ್-ಬಯೋಎನ್‌ಟೆಕ್ ಕೋವಿಡ್ ಲಸಿಕೆ ಪ್ರಯೋಗದ ಹಂತ ದಾಟಿ ಮೊದಲ ಬಾರಿ ಮನುಷ್ಯನ ಮೈ ಹೊಕ್ಕಿತು. ಕೂಡಲೇ ಬೇಟೆ ಶುರು.

ಕಣದ ಅಡ್ಡಗಲ 100 ನ್ಯಾನೋಮೀಟರಿನ ಆಸುಪಾಸು. ಹೊಟ್ಟೆಯಲ್ಲಿ 4,000ಕ್ಕೂ ಹೆಚ್ಚು ಅಕ್ಷರಗಳ ಎಂಆರ್‌ಎನ್‌ಎ ಎಳೆ. ಬರಿಮೈಯಲ್ಲಿ ಹೊರಬಿದ್ದರೆ ಕಿಣ್ವಗಳು ಅದನ್ನು ಕತ್ತರಿಸಿ ಚಿಂದಿ ಮಾಡುತ್ತವೆ. ಅದಕ್ಕೇ ನಾಲ್ಕು ಬಗೆಯ ಲಿಪಿಡ್‌ಗಳ ಕವಚ. ಕೊಲೆಸ್ಟರಾಲ್ ಮತ್ತು ಫಾಸ್ಫೋಲಿಪಿಡ್ ಮೈಕಟ್ಟು ಕೊಡುತ್ತವೆ. ಪಾಲಿಎಥಿಲಿನ್ ಗ್ಲೈಕಾಲ್ ಹೊತ್ತ ಲಿಪಿಡ್, ಕಣಗಳು ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ನಾಲ್ಕನೆಯದು ವೇಷಗಾರ. ಸದ್ಯಕ್ಕೆ ವಿದ್ಯುದಾವೇಶವಿಲ್ಲದೆ ತೆಪ್ಪಗೆ ಕೂತಿದೆ.

ಎದುರಿಗೆ ಕೋಶಪೊರೆ. ದಪ್ಪ ಬರೀ 5 ನ್ಯಾನೋಮೀಟರ್! ಆದರೆ ನುಗ್ಗಬೇಕಾದ ಕಣ ಅದರ ಇಪ್ಪತ್ತು ಪಟ್ಟು ದಪ್ಪ. ಕೊರೆದರೆ ಕೋಶವೇ ಸತ್ತೀತು. ತಟ್ಟಿದರೆ ಬಾಗಿಲಿಲ್ಲ.

ಕಣ ಮೋಸಕ್ಕೆ ಇಳಿಯುತ್ತದೆ. ದೇಹದ್ರವದ ಪ್ರೋಟೀನುಗಳು ಬಂದು ಮುತ್ತಿಕೊಳ್ಳುತ್ತವೆ. ಅವುಗಳಲ್ಲಿ ಅಪೋಲಿಪೋಪ್ರೋಟೀನ್-ಇ ಇದ್ದರೆ ಬಂಪರ್: ಕೋಶದ ಎಲ್‌ಡಿಎಲ್ ರಿಸೆಪ್ಟರ್ ಅದನ್ನು ಮಾಮೂಲಿ ಕೊಲೆಸ್ಟರಾಲ್ ಸರಕೆಂದು ನಂಬಿ ಹಿಡಿದುಕೊಳ್ಳುತ್ತದೆ. ಪೊರೆ ಒಳಮುಖವಾಗಿ ಕುಸಿಯುತ್ತದೆ. ಒಳಗಿನಿಂದ ಮೂರು ಕಾಲಿನ ಕ್ಲಾಥ್ರಿನ್ ಅಣುಗಳು ಓಡಿಬಂದು ಬುಟ್ಟಿ ಹೆಣೆದಂತೆ ಗುಳಿಯನ್ನು ಸುತ್ತುತ್ತವೆ. ಗುಳಿ ಆಳವಾಯಿತು, ಕತ್ತು ಸಣ್ಣಗಾಯಿತು. ಡೈನಮಿನ್ ಕತ್ತನ್ನು ಸುತ್ತಿ, ಬಿಗಿದು, ಕತ್ತರಿಸಿತು. ಎಲ್ಲಾ ಒಂದು ನಿಮಿಷದ ಆಟ. ಕಣ ಒಳಗೆ!

ಒಳಗೆ, ಆದರೆ ಸೆರೆಯಲ್ಲಿ.

ಸುತ್ತ ಎಂಡೋಸೋಮ್ ಎಂಬ ಚೀಲ. ಅದರ ಗೋಡೆಯ ಪಂಪುಗಳು ಪ್ರೋಟಾನುಗಳನ್ನು ಒಳಗೆ ತಳ್ಳುತ್ತಿವೆ. ಪಿಎಚ್ 7.4ರಿಂದ 6ರ ಹತ್ತಿರಕ್ಕೆ, ಅಲ್ಲಿಂದ 5ರತ್ತ ಜಾರುತ್ತಿದೆ. ಮುಂದಿನ ನಿಲ್ದಾಣ ಲೈಸೋಸೋಮ್, ಕೋಶದ ಜೀರ್ಣಾಲಯ. ಅಲ್ಲಿಗೆ ಹೋದರೆ ಎಳೆ ಖಲ್ಲಾಸ್.

ವೇಷ ಕಳಚಬೇಕಾದ ಗಳಿಗೆ ಇದೇ. ಇದರ ಹಿಂದೆ ರಸಾಯನಶಾಸ್ತ್ರಜ್ಞರ ದಶಕಗಳ ಹಠವಿದೆ. ಸದಾ ಧನ ಆವೇಶ ಹೊತ್ತ ಲಿಪಿಡ್‌ಗಳು 1987ರಲ್ಲೇ ಪ್ರಯೋಗಾಲಯದ ತಟ್ಟೆಯಲ್ಲಿ ಡಿಎನ್‌ಎಯನ್ನು ಕೋಶಕ್ಕೆ ಸಾಗಿಸಿದ್ದವು. ಜೀವಂತ ದೇಹದಲ್ಲಿ ಅವೇ ವಿಷವಾದವು. ಕೆನಡಾದ ವ್ಯಾಂಕೂವರ್‌ನಲ್ಲಿ ಪೀಟರ್ ಕಲ್ಲಿಸ್ ಮತ್ತು ಸಂಗಡಿಗರು ಪಟ್ಟು ಬಿಡಲಿಲ್ಲ. ರಕ್ತದಲ್ಲಿ ತಟಸ್ಥ, ಆಮ್ಲದಲ್ಲಿ ಮಾತ್ರ ಧನ ಆಗುವ ಲಿಪಿಡ್ ಬೇಕೆಂದು ಅಣುವಿನ ಮೇಲೆ ಅಣು ಕಟ್ಟಿ, ಸೋಸಿ, ಬಿಸಾಡಿ, ಮತ್ತೆ ಕಟ್ಟಿದರು. 2018ರಲ್ಲಿ ಇಂಥ ಕಣವೇ ಆನ್‌ಪ್ಯಾಟ್ರೋ ಎಂಬ ಔಷಧಿಯನ್ನು ಹೊತ್ತು ಅಮೆರಿಕದ ಅನುಮತಿ ಗಿಟ್ಟಿಸಿತು. ಎರಡೇ ವರ್ಷಕ್ಕೆ ಸಾಂಕ್ರಾಮಿಕ ಬಂತು. ವಾಹನ ಸಿದ್ಧವಿತ್ತು. ಲಸಿಕೆಯ ವೇಗಕ್ಕೆ ಎಲ್ಲರೂ ಬೆರಗಾದರು. ನನಗಂತೂ ಆ ಹಿಂದಿನ ನಿಧಾನವೇ ಹೆಚ್ಚು ದೊಡ್ಡದು.

ಪಿಎಚ್ 6.5ಕ್ಕಿಂತ ಕೆಳಗಿಳಿಯಿತು. ನಾಲ್ಕನೆಯ ಲಿಪಿಡ್ ಪ್ರೋಟಾನನ್ನು ಕಸಿದುಕೊಂಡು ಧನ ಆವೇಶ ಪಡೆಯಿತು. ಚೀಲದ ಗೋಡೆಯಲ್ಲಿದ್ದ ಋಣ ಲಿಪಿಡ್‌ಗಳನ್ನು ಎಳೆದು ಜೋಡಿ ಕಟ್ಟಿತು. ಜೋಡಿಯ ಆಕಾರ ಶಂಕು. ಸಮತಟ್ಟಾದ ಪದರದಲ್ಲಿ ಅದು ಹೊಂದಿಕೂರದು. ಗೋಡೆ ಸೊಟ್ಟಗಾಯಿತು, ಬಿರಿಯಿತು!

ಎಷ್ಟು ಮಂದಿ ಪಾರಾದರು? 2013ರಲ್ಲಿ ಇಂಥದ್ದೇ ಕಣಗಳೊಳಗಿನ ಪುಟ್ಟ ಆರ್‌ಎನ್‌ಎಗಳಿಗೆ ಚಿನ್ನದ ಚುಕ್ಕೆ ಅಂಟಿಸಿ, ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಎಣಿಸಿದರು. ಹೊರಬಿದ್ದದ್ದು ಶೇಕಡ ಒಂದೆರಡು. ಉಳಿದವು ಚೀಲದಲ್ಲೇ ಸಿಕ್ಕಿಬಿದ್ದಿದ್ದವು.

ಲಸಿಕೆಗೆ ಆ ಮಟ್ಟದ ಪಾರಾಗುವಿಕೆಯೂ ಸಾಕಾಯಿತು. ಬಿರುಕಿನಿಂದ ಜಾರಿದ ಎಳೆಯನ್ನು ರೈಬೋಸೋಮ್ ಕಚ್ಚಿ ಹಿಡಿದು ಓದುತ್ತದೆ, ಮತ್ತೆ ಮತ್ತೆ ಓದುತ್ತದೆ, ವೈರಾಣುವಿನ ಮುಳ್ಳು ಪ್ರೋಟೀನನ್ನು ರಾಶಿರಾಶಿಯಾಗಿ ಹೆಣೆಯುತ್ತದೆ. ಇತ್ತ ಪ್ರಯೋಗಾಲಯಗಳಲ್ಲಿ ಆ ಒಂದೆರಡನ್ನು ಹತ್ತು ಮಾಡಲು ಹೊಸ ಲಿಪಿಡ್‌ಗಳನ್ನು ಬೆರೆಸುತ್ತಲೇ ಇದ್ದಾರೆ.