ಮೈನೋವಿನ ಮೂಲ

2006ನೆಯ ಇಸವಿಯಲ್ಲಿ ಚಿಕುನ್‌ಗುನ್ಯಾ ಜ್ವರವು ಕರ್ನಾಟಕವನ್ನು ವ್ಯಾಪಿಸಿತು. ಶಂಕಿತ ರೋಗಿಗಳ ಸಂಖ್ಯೆ 7 ಲಕ್ಷವನ್ನು ಮೀರಿತು. ಸಿಂಧನೂರು ತಾಲ್ಲೂಕಿನ ನಮ್ಮ ಮುಕ್ಕುಂದದಲ್ಲಿಯೂ ಗದ್ದೆಗೆ ಹೋಗಬೇಕಾದವರು ಗೋಡೆ ಹಿಡಿದು ಏಳುತ್ತಿದ್ದರು. ನೆರೆಮನೆಯ ಅಜ್ಜಿ ಒಂದು ದಿನ ನನ್ನನ್ನು ಕೇಳಿದಳು: “ಸೊಳ್ಳಿ ಕಡದದ್ದು ಕಾಲಿಗೆ, ಮೈಯೆಲ್ಲಾ ಯಾಕ ನೋಯ್ತೈತೋ ತಮ್ಮಾ?”

ಅಕ್ಷರ ಕಲಿಯದ ಆಕೆ ಕೇಳಿದ್ದು ವಿಜ್ಞಾನಿಗಳೂ ಕೇಳಬೇಕಾದ ಪ್ರಶ್ನೆ. ಉತ್ತರವನ್ನು ಅರಸಿ ಹೊರಟ ನನಗೆ ಇಂಟರ್‌ಫೆರಾನ್ ಎಂಬ ಪ್ರೋಟೀನಿನ ಪರಿಚಯವಾಯಿತು.

1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಝಾನ್ ಲಿಂಡೆನ್‌ಮಾನ್ ಎಂಬ ವಿಜ್ಞಾನಿಗಳು, ಕಾಯಿಸಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸನ್ನು ಕೋಳಿಯ ಭ್ರೂಣದ ಪೊರೆಯೊಡನೆ ದ್ರವದಲ್ಲಿ ಇರಿಸಿದರು. ಬಳಿಕ ಆ ದ್ರವವನ್ನು ಹೊಸ ಪೊರೆಗೆ ಸೇರಿಸಿದಾಗ, ಅಲ್ಲಿ ಜೀವಂತ ವೈರಸ್ಸು ಕೂಡ ಸರಿಯಾಗಿ ಬೆಳೆಯಲಿಲ್ಲ. ವೈರಸ್ಸಿಗೆ ಅಡ್ಡಬರುವ ಈ ವಸ್ತುವಿಗೆ ಅವರೇ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಕಳ್ಳನು ಹೊಕ್ಕ ಮನೆಯವರು ಹುಯಿಲೆಬ್ಬಿಸುವುದಿಲ್ಲವೆ? ವೈರಸ್ಸು ಹೊಕ್ಕ ಜೀವಕೋಶವೂ ಹಾಗೆಯೇ. ಅದು ತಾನು ಉಳಿಯದೆ ಹೋಗಬಹುದು. ಆದರೆ ಅದು ಹೊರಸೂಸಿದ ಇಂಟರ್‌ಫೆರಾನ್ ನೆರೆಯ ಕೋಶಗಳನ್ನು ಮುಟ್ಟಿ ಎಚ್ಚರಿಸುತ್ತದೆ. ಆ ಕೋಶಗಳು ವೈರಸ್ಸಿನ ಆರ್‌ಎನ್‌ಎಯನ್ನು ತುಂಡರಿಸುವ, ಅದಕ್ಕೆ ಬೇಕಾದ ಪ್ರೋಟೀನುಗಳ ತಯಾರಿಕೆಯನ್ನೇ ತಡೆಯುವ ಸಿದ್ಧತೆ ಮಾಡಿಕೊಳ್ಳುತ್ತವೆ. ವೈರಸ್ಸನ್ನು ಗುರುತಿಸುವ ಪ್ರತಿಕಾಯಗಳು ಸಿದ್ಧವಾಗಲು ದಿನಗಳೇ ಬೇಕು. ಈ ಕೂಗು ಕೆಲವೇ ಗಂಟೆಗಳಲ್ಲಿ ಏಳುತ್ತದೆ. ಇಂಟರ್‌ಫೆರಾನುಗಳಲ್ಲಿ ಹಲವು ಬಗೆ. ಗ್ಯಾಮಾ ಎಂಬುದು, ರೋಗಾಣುಗಳನ್ನು ನುಂಗುವ ಕೋಶಗಳನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.

ಕೂಗು ಎದ್ದ ಊರಿನಲ್ಲಿ ನಿದ್ದೆ ಎಲ್ಲಿಯದು! ಕಾಮಾಲೆಯ ಕೆಲವು ಬಗೆಗಳಿಗೆ ಇಂಟರ್‌ಫೆರಾನನ್ನೇ ಚುಚ್ಚುಮದ್ದಾಗಿ ಪಡೆದವರಿಗೆ ಜ್ವರ, ಚಳಿ, ಮೈಕೈ ನೋವು ಕಾಣಿಸಿಕೊಳ್ಳುವುದುಂಟು. ಚಿಕುನ್‌ಗುನ್ಯಾದಲ್ಲಿ ವೈರಸ್ಸು ಕೀಲುಗಳನ್ನೇ ಹೊಕ್ಕು ಪೀಡಿಸುತ್ತದೆ, ನಿಜ. ಆದರೆ ಅಜ್ಜಿಯ ಮೈಯನ್ನೆಲ್ಲ ಆವರಿಸಿದ್ದ ಆ ನೋವಿನಲ್ಲಿ ಶತ್ರುವಿನದಷ್ಟೇ ಅಲ್ಲ, ಕಾವಲುಗಾರನ ಪಾಲೂ ಇತ್ತು. ನಾನು ಇದನ್ನು ಹೇಳಿದಾಗ ಆಕೆ, “ಹಂಗಾದ್ರ ಕೂಗು ನಿಲ್ಲಿಸೂದು ಬ್ಯಾಡ” ಎಂದಳು.

ಕೂಗು ಮಿತಿಮೀರಿದರೂ ಕೇಡೇ. ಲೂಪಸ್ ಎಂಬ ರೋಗದಲ್ಲಿ ವೈರಸ್ಸು ಇಲ್ಲದೆಯೂ ಇಂಟರ್‌ಫೆರಾನ್ ಹೆಚ್ಚಾಗಿ, ದೇಹವು ತನ್ನ ಮೇಲೆ ತಾನೇ ಎರಗುತ್ತದೆ. ಕೂಗು ಅಡಗಿದರೆ? 2020ರಲ್ಲಿ ಕೋವಿಡ್‌ನಿಂದ ಜೀವಾಪಾಯಕ್ಕೆ ಒಳಗಾದವರ ರಕ್ತವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ, ತಮ್ಮದೇ ಇಂಟರ್‌ಫೆರಾನಿನ ಬಾಯಿಕಟ್ಟುವ ಪ್ರತಿಕಾಯಗಳನ್ನು ಕಂಡರು. ಅವರ ಕೋಶಗಳು ಕೂಗಿದ್ದವು. ನೆರೆಯವುಗಳಿಗೆ ಅದು ಕೇಳಿಸಿರಲಿಲ್ಲ.