ಮಕ್ಕಳ ಆಹಾರಸಂಸ್ಕಾರ ಮತ್ತು ಕಥೆಯ ದಾರಿ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಆರು ಬಾಹ್ಯ ತಪಸ್ಸುಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ ಮತ್ತು ರಸಪರಿತ್ಯಾಗ ಎಂಬ ಮೊದಲ ನಾಲ್ಕು ನೇರವಾಗಿ ಆಹಾರಕ್ಕೇ ಸಂಬಂಧಿಸಿದವು. ಆಹಾರದ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ಚಿಂತಿಸಿದ ಪರಂಪರೆಯೊಂದು ತನ್ನ ಮಕ್ಕಳಿಗೆ ಆ ಚಿಂತನೆಯನ್ನು ಯಾವ ರೂಪದಲ್ಲಿ ತಲುಪಿಸುತ್ತಿದೆ ಎಂಬುದು ವಿಚಾರಾರ್ಹವಾಗಿದೆ.

ಬಹುತೇಕ ಮನೆಗಳಲ್ಲಿ ಅದು ಒಂದು ಪಟ್ಟಿಯ ರೂಪದಲ್ಲಿ ತಲುಪುತ್ತದೆ. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಆಲೂಗಡ್ಡೆ ಬೇಡ, ಕತ್ತಲಾದ ಮೇಲೆ ಊಟ ಬೇಡ. ಪಟ್ಟಿ ತಪ್ಪೆಂದು ಯಾರೂ ಹೇಳಲಾರರು. ಆದರೆ ಏಳೆಂಟು ವರ್ಷದ ಮಗು ಈ ಪಟ್ಟಿಯನ್ನು ಬಾಯಿಪಾಠ ಮಾಡಿ, ಅದರಲ್ಲಿ ಇಲ್ಲದ್ದೆಲ್ಲವೂ ತಿನ್ನಲು ಯೋಗ್ಯವೆಂದು ಭಾವಿಸುತ್ತದೆ. ಕೆನೆ ತುಂಬಿದ ಬಿಸ್ಕತ್ತು, ಬಣ್ಣದ ಪಾನೀಯ, ಕರಿದ ತಿಂಡಿಯ ಪೊಟ್ಟಣ ಎಲ್ಲದರ ಮೇಲೂ ಹಸಿರು ಚುಕ್ಕೆ ಇದೆಯಲ್ಲ! ಆ ಚುಕ್ಕೆ ಒಳಗಿನ ಪದಾರ್ಥ ಸಸ್ಯಾಹಾರವೆಂಬುದನ್ನಷ್ಟೇ ತಿಳಿಸುತ್ತದೆ. ಸಕ್ಕರೆ ಎಷ್ಟು, ಉಪ್ಪು ಎಷ್ಟು, ಎಣ್ಣೆ ಎಷ್ಟು ಎಂಬ ವಿಷಯದಲ್ಲಿ ಅದು ಮೌನಿ.

ಪಟ್ಟಿಯಿಂದ ಆಗದ ಕೆಲಸವನ್ನು ಕಥೆ ಮಾಡಬಲ್ಲದು ಎಂಬುದಕ್ಕೆ ಷಡ್ಲೇಶ್ಯೆಗಳ ದೃಷ್ಟಾಂತಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಗೊಮ್ಮಟಸಾರದ ಜೀವಕಾಂಡದಲ್ಲಿ ಬರುವ ಈ ಪ್ರಸಂಗ ಶ್ರವಣಬೆಳಗೊಳದ ಜೈನಮಠದ ಗೋಡೆಯ ವರ್ಣಚಿತ್ರಗಳಲ್ಲಿಯೂ ಕಾಣಸಿಗುತ್ತದೆ. ಹಸಿದ ಆರು ಜನ ದಾರಿಹೋಕರು ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಒಬ್ಬನಿಗೆ ಮರವನ್ನು ಬೇರುಸಹಿತ ಕೀಳುವ ಮನಸ್ಸು. ಇನ್ನೊಬ್ಬನಿಗೆ ಕಾಂಡ ಕಡಿದರೆ ಸಾಕು. ಮತ್ತೊಬ್ಬನಿಗೆ ದೊಡ್ಡ ಕೊಂಬೆ, ಮಗದೊಬ್ಬನಿಗೆ ಚಿಕ್ಕ ರೆಂಬೆ. ಐದನೆಯವನು ಹಣ್ಣನ್ನು ಮಾತ್ರ ಕಿತ್ತುಕೊಳ್ಳೋಣ ಎನ್ನುತ್ತಾನೆ. ಆರನೆಯವನು ನೆಲದ ಮೇಲೆ ತಾನಾಗಿ ಬಿದ್ದಿರುವುದನ್ನು ಆಯ್ದುಕೊಳ್ಳುತ್ತಾನೆ. ಕೃಷ್ಣದಿಂದ ಶುಕ್ಲದವರೆಗೆ ಪರಿಣಾಮಗಳ ತಾರತಮ್ಯವನ್ನು ದೊಡ್ಡವರು ಇದರಲ್ಲಿ ಕಾಣುತ್ತಾರೆ. ಮಕ್ಕಳು ಕಾಣುವುದು ಹಸಿವನ್ನು ಮತ್ತು ಮರವನ್ನು. ಅದರಿಂದ ನಷ್ಟವೇನೂ ಇಲ್ಲ.

ಒಂದು ಊರಿನ ಬಸದಿಯ ಭಾನುವಾರದ ಪಾಠಶಾಲೆಯಲ್ಲಿ ಅಧ್ಯಾಪಕಿಯೊಬ್ಬರು ಈ ಕಥೆಯನ್ನು ಹೇಳಿ, ಅದರ ನೀತಿಯನ್ನು ಹೇಳದೆ ನಿಲ್ಲಿಸಿಬಿಟ್ಟರು. ಮರ ಆ ರಾತ್ರಿ ಪಕ್ಕದ ಮರಕ್ಕೆ ಏನು ಹೇಳಿರಬಹುದು ಬರೆದು ತನ್ನಿ ಎಂದಷ್ಟೇ ಅವರ ಅಪ್ಪಣೆ. ಮುಂದಿನ ವಾರ ಬಂದ ಬರಹಗಳಲ್ಲಿ ಕಾಗುಣಿತದ ತಪ್ಪುಗಳಿಗೆ ಬರವಿರಲಿಲ್ಲ, ವಿಚಾರಕ್ಕೂ ಬರವಿರಲಿಲ್ಲ. ಒಬ್ಬ ಹುಡುಗ ಏಳನೆಯವನೊಬ್ಬನನ್ನು ಸೃಷ್ಟಿಸಿದ್ದ. ಅವನೂ ಬಿದ್ದ ಹಣ್ಣನ್ನೇ ಆಯುವವನು, ಆದರೆ ಗೋಣಿಚೀಲ ತಂದಿದ್ದಾನೆ! ಇವನ ಲೇಶ್ಯೆ ಯಾವುದು ಎಂದು ತರಗತಿಯಲ್ಲಿ ಅರ್ಧ ಗಂಟೆ ಚರ್ಚೆ ನಡೆಯಿತು. ಹಿಂಸೆಯನ್ನು ಬಿಟ್ಟರೂ ಲೋಭವನ್ನು ಬಿಡದವನ ಪ್ರಶ್ನೆಯದು; ಪಂಡಿತರೂ ಸುಲಭವಾಗಿ ಉತ್ತರಿಸಲಾರರು. ಅಧ್ಯಾಪಕಿ ಅಲ್ಲಿಯೇ ಅವಮೌದರ್ಯದ ಮಾತನ್ನು ತಂದರು. ಪುರುಷನ ಪೂರ್ಣಾಹಾರಕ್ಕೆ ಮೂವತ್ತೆರಡು ತುತ್ತು ಎಂದು ಶಾಸ್ತ್ರ ಎಣಿಸುತ್ತದೆ; ಅದಕ್ಕಿಂತ ಕಡಿಮೆ ಉಂಡು ಏಳುವುದು ಅವಮೌದರ್ಯ. ಬೆಳೆಯುವ ಮಕ್ಕಳಿಗೆ ತುತ್ತು ಎಣಿಸುವ ವ್ರತ ಬೇಡ ಎಂದೂ, ಹೊಟ್ಟೆ ಸಾಕೆಂದಾಗ ಕೈ ನಿಲ್ಲಿಸುವುದನ್ನು ಕಲಿತರೆ ಸಾಕೆಂದೂ ಅವರು ಹೇಳಿದ್ದು ವಿವೇಕದ ಮಾತು.

ಖದಿರಸಾರನ ಕಥೆಯೂ ಮಕ್ಕಳಿಗೆ ಹಿಡಿಸುತ್ತದೆ. ಬೇಡನಾದ ಅವನು ಮುನಿಗಳಿಂದ ಕಾಗೆಯ ಮಾಂಸವೊಂದನ್ನು ಬಿಡುವ ಪುಟ್ಟ ವ್ರತವನ್ನು ಪಡೆದು ಪ್ರಾಣಾಂತದವರೆಗೂ ಪಾಲಿಸಿ, ಮುಂದೊಂದು ಜನ್ಮದಲ್ಲಿ ಶ್ರೇಣಿಕ ಮಹಾರಾಜನಾದನು. ವೈದ್ಯರು ಔಷಧವೆಂದು ಹೇಳಿದರೂ ಅವನು ತಿನ್ನಲಿಲ್ಲವೆಂಬ ಭಾಗವನ್ನು ಹೇಳುವಾಗ ಎಚ್ಚರ ಬೇಕು. ಜ್ವರ ಬಂದ ಮಗು ಔಷಧ ಬೇಡವೆಂದು ಹಟ ಹಿಡಿಯಬಾರದಷ್ಟೆ. ಮಕ್ಕಳು ಗ್ರಹಿಸಬೇಕಾದುದು ವ್ರತದ ಚಿಕ್ಕತನವನ್ನು, ಅದನ್ನು ತಾನೇ ಒಪ್ಪಿಕೊಂಡ ಸ್ವಾತಂತ್ರ್ಯವನ್ನು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯ ತ್ಯಾಗವನ್ನು ಯಮವೆಂದೂ ವಿಂಗಡಿಸಿದ್ದಾರೆ. ಮಕ್ಕಳಿಗೆ ಸಲ್ಲುವುದು ನಿಯಮ. ಹದಿನೈದು ದಿನ ಬಣ್ಣದ ಪಾನೀಯ ಕುಡಿಯುವುದಿಲ್ಲ ಎಂದು ತನ್ನ ಕೈಯಾರೆ ಬರೆದುಕೊಂಡ ಮಗು ಆ ಕಾಗದವನ್ನು ದಿನಕ್ಕೆ ಹತ್ತು ಬಾರಿ ನೋಡುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ದಾರಿಯಿದೆ: ನರಕದ ಚಿತ್ರ ತೋರಿಸಿ ಹೆದರಿಸುವುದು. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೇ ಜನ್ಮಜನ್ಮಾಂತರದ ದುಃಖ ಬಂದೊದಗುತ್ತದೆ. ಅದು ಪ್ರೌಢರ ಕಾವ್ಯ. ಹದಿನೈದು ವರ್ಷದವರಿಗೆ ಕೊಡಬಹುದು, ಏಳರವರಿಗಲ್ಲ. ಗೆಳೆಯನ ಮನೆಯಲ್ಲಿ ತಿಳಿಯದೆ ಆಲೂಗಡ್ಡೆ ತಿಂದ ಮಗು ತಾಯಿಯ ಬಳಿ ಬಂದು ಹೇಳುವಂತಿರಬೇಕು. ಹೆದರಿದ ಮಗು ಹೇಳುವುದಿಲ್ಲ, ಮುಚ್ಚಿಡುತ್ತದೆ. ಅಲ್ಲಿಗೆ ಸತ್ಯಾಣುವ್ರತಕ್ಕೂ ಭಂಗ ಬಂದಂತೆ. ಪುಟ್ಟ ಮಕ್ಕಳ ಉಪವಾಸಗಳ ಸಂಖ್ಯೆಯನ್ನು ವೇದಿಕೆಯ ಮೇಲೆ ಕೂಗಿ ಹೇಳಿ ಚಪ್ಪಾಳೆ ತಟ್ಟಿಸುವ ಪದ್ಧತಿಯನ್ನೂ ಹಿರಿಯರು ನಿಲ್ಲಿಸುವುದೊಳಿತು.

ವ್ಯಾಪಾರಿ ಮನೆತನದ ಮಕ್ಕಳಿಗೆ ಲೆಕ್ಕದ ರುಚಿ ಹುಟ್ಟಿನಿಂದಲೇ ಇರುತ್ತದೆ. ಆ ಅಧ್ಯಾಪಕಿ ಅದನ್ನೂ ಬಳಸಿಕೊಂಡರು. ‘ಪೊಟ್ಟಣದ ಆತ್ಮಕಥೆ’ ಎಂಬ ಪ್ರಬಂಧ ಬರೆಯಲು ಹೇಳಿ, ಪೊಟ್ಟಣದ ಬೆನ್ನನ್ನು ಓದುವ ಬಗೆ ಕಲಿಸಿದರು. ಅಲ್ಲಿ ಪದಾರ್ಥಗಳ ಹೆಸರುಗಳು ತೂಕದ ಇಳಿಕೆಯ ಕ್ರಮದಲ್ಲಿರುತ್ತವೆ. ಮೊದಲು ಸಕ್ಕರೆ ಇದ್ದರೆ ಒಳಗೆ ಅದೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ, ಆಹಾರಕ್ಕೆ ಬೆರೆಸಿದ ಸಕ್ಕರೆ ಮತ್ತು ಜೇನು, ಹಣ್ಣಿನ ರಸಗಳಲ್ಲಿನ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂದಿದೆ. ದಿನಕ್ಕೆ 1,400 ಕ್ಯಾಲೊರಿ ಬೇಕಾದ ಮಗುವಿಗೆ ಅದು 140 ಕ್ಯಾಲೊರಿ. ಗ್ರಾಮಿಗೆ 4ರಂತೆ 35 ಗ್ರಾಂ. ನೂರು ಮಿಲಿಲೀಟರಿಗೆ 12 ಗ್ರಾಂ ಸಕ್ಕರೆಯಿರುವ ಪಾನೀಯದ 200 ಮಿಲಿಲೀಟರ್ ಕುಡಿದರೆ 24 ಗ್ರಾಂ ಖರ್ಚು. ಉಳಿದ ಶಿಲ್ಕು 11. ಬೆಳಗಿನ ಹಾಲಿಗೆ ಹಾಕಿದ ಸಕ್ಕರೆಯನ್ನು ಇನ್ನೂ ಖಾತೆಗೆ ಬರೆದಿಲ್ಲ! ರಸಪರಿತ್ಯಾಗದಲ್ಲಿ ಸಿಹಿಯೂ ಉಪ್ಪೂ ಏಕೆ ಸೇರಿವೆ ಎಂಬ ಮಾತನ್ನು ಮಕ್ಕಳೊಡನೆ ಎತ್ತಲು ಈ ಲೆಕ್ಕ ಒಂದು ನೆಪವಾಯಿತು.

ಬಿಡುವುದನ್ನು ಕಲಿಸುವಾಗ ಉಣ್ಣುವುದನ್ನು ಮರೆಯುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಶ್ರಾವಕರ ಅಡುಗೆಮನೆಯಲ್ಲಿ ರಾಗಿ, ಹುರುಳಿ, ಹೆಸರು, ನುಗ್ಗೆಸೊಪ್ಪು, ಹಾಲು ಯಾವುದಕ್ಕೂ ಕೊರತೆಯಿಲ್ಲ. ಬೇಳೆಕಾಳಿನ ಜೊತೆ ನಿಂಬೆರಸವಿದ್ದರೆ ಕಬ್ಬಿಣದ ಅಂಶ ದೇಹಕ್ಕೆ ಹೆಚ್ಚು ಸೇರುತ್ತದೆ. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವ ಮನೆಗಳಲ್ಲಿ ಮಕ್ಕಳ ಪಾಲಿಗೆ ಕಾಳು ಮತ್ತು ಒಣಹಣ್ಣು ಹೆಚ್ಚಬೇಕು. ಸೂರ್ಯಾಸ್ತದ ನಂತರ ಮನೆಪಾಠದಿಂದ ಬರುವ ಮಗುವಿಗೆ ರಾತ್ರಿಭೋಜನ ತ್ಯಾಗ ಸಾಧ್ಯವಾಗಬೇಕಾದರೆ ಸಂಜೆ ಐದೂವರೆಗೆ ಬುತ್ತಿ ಸಿದ್ಧವಿರಬೇಕು. ಇದು ಪ್ರವಚನದಿಂದಲ್ಲ, ಮನೆಯವರು ಎದ್ದು ಕಟ್ಟಿಕೊಡುವುದರಿಂದ ಆಗುವ ಕೆಲಸ.

ಪೊಟ್ಟಣದ ಆತ್ಮಕಥೆಗೆ ಒಂದು ಉಪಕಥೆಯೂ ಸೇರಿತು. ಆ ಪಾಠಶಾಲೆಯಲ್ಲಿ ತರಗತಿ ಮುಗಿದೊಡನೆ ಟ್ರಸ್ಟಿನ ವತಿಯಿಂದ ಮಕ್ಕಳಿಗೆ ಚಾಕಲೇಟು ಹಂಚುವ ರೂಢಿಯಿತ್ತು. ಹಲವೆಡೆ ಇಂದಿಗೂ ಇದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಪ್ರಬಂಧಕ್ಕೆ ಆ ಚಾಕಲೇಟನ್ನೇ ಆರಿಸಿಕೊಂಡು, “ನನ್ನ ಹೆಸರುಗಳಲ್ಲಿ ಮೊದಲನೆಯದು ಸಕ್ಕರೆ, ನನ್ನನ್ನು ಪ್ರತಿ ಭಾನುವಾರ ಬಸದಿಯಲ್ಲಿ ಕೊಡುತ್ತಾರೆ” ಎಂದು ಆರಂಭಿಸಿದ್ದಳು. ಅಧ್ಯಾಪಕಿ ಆ ಹಾಳೆಯನ್ನು ಟ್ರಸ್ಟಿನ ಸಭೆಗೆ ಕೊಂಡೊಯ್ದು ಓದಿದರು. ದಾನಿಗಳು ಬೇಸರಪಡುವರೆಂದು ಒಬ್ಬರು, ಮಕ್ಕಳು ಬರುವುದನ್ನೇ ಬಿಡುವರೆಂದು ಇನ್ನೊಬ್ಬರು ಆಕ್ಷೇಪಿಸಿದರು. ಎರಡನೆಯ ಆಕ್ಷೇಪ ತೂಕವುಳ್ಳದ್ದೇ. ಕೊನೆಗೆ ಮೂರು ತಿಂಗಳ ಮಟ್ಟಿಗೆ ನಿಯಮ ಎಂದು ತೀರ್ಮಾನವಾಗಿ, ಬಾಳೆಹಣ್ಣೂ ಹುರಿಗಡಲೆ ಬೆಲ್ಲವೂ ಬಂದವು. ಮೊದಲ ವಾರ ಇಬ್ಬರು ಹುಡುಗರು ಬಾಳೆಹಣ್ಣನ್ನು ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಇಟ್ಟು ಹೋದರು. ಮೂರನೆಯ ವಾರ ಕಟ್ಟೆಯ ಮೇಲೆ ಏನೂ ಉಳಿದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ಇದ್ದದ್ದು ಇಪ್ಪತ್ತನಾಲ್ಕಾಗಿತ್ತು.