ಬಿದಿರ ಬುಡದ ತರಗೆಲೆ

2017ರಲ್ಲಿ ಕಾಯ್ದೆ ಬದಲಾಗಿ ಹೊಲದ ಬಿದಿರು 'ಮರ'ದ ಪಟ್ಟಿಯಿಂದ ಹೊರಬಿತ್ತಲ್ಲ, ಆಮೇಲೆ ಸಾಲ ಮಾಡಿ ನಾಗಪುರದ ಹೊರಗೆ ಎರಡು ಎಕರೆ ಕರಿಮಣ್ಣಿನಲ್ಲಿ ಬಿದಿರು ಹಾಕಿದೆ. ಪ್ರಾಜೆಕ್ಟ್ ಮ್ಯಾನೇಜರ್ ಬುದ್ಧಿ ಎಲ್ಲಿ ಹೋಗುತ್ತೆ! ಎಕ್ಸೆಲ್ ಶೀಟಿನಲ್ಲಿ ಅಗೆತ, ಯೂರಿಯಾ, ಬುಡ ಗುಡಿಸುವುದು ಎಲ್ಲಕ್ಕೂ ತಾರೀಕು. ತೋಟ ನೋಡಿಕೊಳ್ಳುವ ಕಾಕಾ "ಪಾಲಾ ರಾಹೂ ದ್ಯಾ, ಸಾಹೇಬ್" ಅಂದರು, ಎಲೆ ಇರಲಿ ಬಿಡಿ ಅಂತ. ಕೇಳಲಿಲ್ಲ.

ನಾಲ್ಕನೇ ವರ್ಷಕ್ಕೆ ಎರೆಹುಳು ಕಾಣದಾಯಿತು. ಪದೇ ಪದೇ ಅಗೆದರೆ ಮಣ್ಣೊಳಗಿನ ಇಂಗಾಲಕ್ಕೆ ಗಾಳಿ ತಾಗಿ, ಸೂಕ್ಷ್ಮಜೀವಿಗಳು ಅದನ್ನು ಬೇಗ ಅರಗಿಸಿ ಕಾರ್ಬನ್ ಡೈಆಕ್ಸೈಡ್ ಮಾಡಿಬಿಡುತ್ತವೆ. ಎಲೆಯನ್ನೂ ಗುಡಿಸಿದರೆ ಹೊಸ ಇಂಗಾಲ ಬರುವುದೆಲ್ಲಿಂದ?

ಹಳಿಯಾಳದ ಕಡೆಯವನಾದ ನನಗಿದು ಹೊಳೆಯಬೇಕಿತ್ತು. ಎಪ್ಪತ್ತರ ದಶಕದಲ್ಲಿ ಉತ್ತರ ಕನ್ನಡದ ಬಿದಿರನ್ನು ಅಧ್ಯಯನ ಮಾಡಿದ ಮಾಧವ ಗಾಡ್ಗೀಳರು ಕಂಡದ್ದೂ ಇಂಥದೇ. ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳು ಸವರಿಸಿದ್ದರು. ಮುಳ್ಳಿನ ಕಾವಲು ಹೋಗಿ ಎಳೆ ಕಳಲೆಯೆಲ್ಲ ದನ, ಹಂದಿಗಳ ಪಾಲಾಯಿತು. ಊರವರಿಗೆ ಅದು ಗೊತ್ತಿತ್ತು, ಕೇಳಿದವರಿಲ್ಲ.

ಗುಡಿಸುವುದು ನಿಲ್ಲಿಸಿ ಎರಡು ಮಳೆಗಾಲವಾಯಿತು. ಗಳ ಕಡಿಮೆ ಬಂದಿದೆ, ಮನೆಯವಳು ಸಾಲದ ಕಂತು ನೆನಪಿಸುತ್ತಾಳೆ. ಮೊನ್ನೆ ಕಾಕಾ ತರಗೆಲೆ ಸರಿಸಿ, ಏನೂ ಮಾತಾಡದೆ, ಒಂದು ಎರೆಹುಳು ತೋರಿಸಿದರು.